ಹಸಿ ಅಂಗಳಕ್ಕೆ ಬಂದ ಪಿಯಾಝಾ

ಕಾಯಿ ಹೆರೆಯುತ್ತಿದ್ದೆ. ಬಂಗುಡೆ ಸಾರಿಗೆ ಒಂದು ಕಡಿ ಕಾಯಿ ಸಾಕು. ಅರ್ಧ ಹೆರೆದಿರಬೇಕು, ಇವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ನಮ್ಮ ಮನೆಯವರು ಅಡುಗೆಮನೆಯ ಬಾಗಿಲಿಗೆ ಬಂದರೆ ಒಂದೋ ಕಾಫಿ, ಇಲ್ಲವೇ ತಮ್ಮ ಬಾಯಿಂದ ಹೇಳಲು ಕಷ್ಟವಾದ ಸುದ್ದಿ. ಕಾಫಿ ಆಗಲೇ ಕೊಟ್ಟಾಗಿತ್ತು.

"ರಾಘು ಅಂಗ್ಳದಗೆ ಕಟ್ಟಡ ಕಟ್ತ ಅಂಬ್ರ್. ಆರ್ ಅಂಗಡಿ. ಹೆಸ್ರೂ ಇಟ್ಟಾಯ್ತ್."

"ಎಂತ ಹೆಸ್ರ್?"

"ಪಿಯಾಝಾ."

ನಾನು ಹೆರೆಯುತ್ತಲೇ ಇದ್ದೆ. ಬಿಳಿ ಮುಗಿದು ಗೆರಟೆಯ ಕಂದು ಸಿಪ್ಪೆ ಬರತೊಡಗಿದ್ದು ಗೊತ್ತೇ ಆಗಲಿಲ್ಲ. ಆ ದಿನದ ಸಾರಿನಲ್ಲಿ ಕಪ್ಪು ಚೂರುಗಳಿದ್ದವು. ಇವರು ಅವನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸಿ, ಒಂದು ಮಾತೂ ಆಡದೆ ಉಂಡು ಎದ್ದರು. ಇದನ್ನು ನಾನು ಆ ದಿನದ ಮೊದಲನೆಯ ಉಪಕಾರ ಎಂದು ಎಣಿಸಿಕೊಂಡೆ. ಮುಸ್ಸಂಜೆ ತುಳಸಿಗೆ ದೀಪ ಇಡುವಾಗ ಬೆರಳ ಗಂಟಿನ ಮೇಲೆ ದೇವರ ಮೂರು ಉಪಕಾರ ಎಣಿಸುವುದು ನನ್ನ ಪದ್ಧತಿ. ದೊಡ್ಡವು ಬೇಕೆಂದಿಲ್ಲ. ಹಾಲು ಉಕ್ಕುವ ಮೊದಲೇ ನೋಡಿದ್ದು, ಬಸ್ಸಿನಲ್ಲಿ ಕಿಟಕಿ ಬದಿ ಸಿಕ್ಕಿದ್ದು, ಇಂಥವು ಸಾಕು. ಆ ಸಂಜೆ ಮಾತ್ರ ಎರಡಕ್ಕೆ ನಿಂತಿತು.

ನಮ್ಮ ಮನೆ ಕುಂದಾಪುರದ ಪೇಟೆ ದಾಟಿ ತುಸು ತೆಂಕಕ್ಕೆ, ಹೆದ್ದಾರಿಯ ಬದಿಯಲ್ಲಿದೆ. ಮನೆಗೂ ರಸ್ತೆಗೂ ನಡುವೆ ದೊಡ್ಡ ಅಂಗಳ. ರಸ್ತೆಯ ಅಂಚಿನಲ್ಲಿ ಒಂದು ಹೊನ್ನೆ ಮರ. ಮರದ ಕೆಳಗೆ ಬಸ್ಸು ನಿಲ್ಲುತ್ತದೆ. ಅಣ್ಣತಮ್ಮಂದಿರ ಪಾಲಾದಾಗ ಹಿಂದಿನ ಮನೆ ಇವರಿಗೆ ಬಂತು, ರಸ್ತೆ ಬದಿಯ ಅಂಗಳ ಮೈದುನ ರಾಘುವಿಗೆ ಹೋಯಿತು. ಆಗ ಯಾರಿಗೂ ಅದು ವಿಶೇಷವೆನಿಸಲಿಲ್ಲ. ರಾಘು ಮುಂಬೈಯ ಹೋಟೆಲಿನಲ್ಲಿದ್ದ, ಆಮೇಲೆ ಪ್ರಯಾಣಿಕರ ಹಡಗಿನ ಅಡುಗೆಮನೆ ಸೇರಿದ. ಅಂಗಳವನ್ನು ಅವನು ಜೇಬಿನಲ್ಲಿಟ್ಟುಕೊಂಡು ಹೋಗುವಂತಿರಲಿಲ್ಲ. ಹಾಗಾಗಿ ಅದು ನಮ್ಮದೇ ಎಂಬಂತೆ ನಾನು ನಡೆದುಕೊಂಡೆ. ಇದು ನನ್ನ ದೋಷ, ಒಪ್ಪುತ್ತೇನೆ. ಇನ್ನೊಬ್ಬರ ಪಾಲಿನ ಬಿಸಿಲಿನಲ್ಲಿ ಹದಿನೈದು ವರ್ಷ ಹಪ್ಪಳ ಒಣಗಿಸಿದ ಹೆಂಗಸು ನಾನು.

ನನ್ನದು ಮಾತ್ರವಲ್ಲ. ಪಕ್ಕದ ಮನೆ ಸೀತಕ್ಕನ ಕೊಬ್ಬರಿ, ಹಿಂದಿನ ಮನೆಯವರ ಭತ್ತ, ಬೈಂದೂರಿನ ನಾದಿನಿಗೆ ಪ್ರತಿವರ್ಷ ಕಳಿಸುವ ಹಲಸಿನ ಹಪ್ಪಳ, ಎಲ್ಲವೂ ಒಣಗುತ್ತಿದ್ದುದು ಅಲ್ಲೇ. ಮರದ ಬುಡದಲ್ಲಿ ಕೋಡಿ ಎಂಬ ಕಡಲಬದಿಯ ಊರಿನಿಂದ ಬರುವ ಗುಲಾಬಿ ಮೀನಿನ ಬುಟ್ಟಿ ಇಳಿಸುತ್ತಿದ್ದಳು. ಈಗ ಆರು ಅಂಗಡಿ ಬಂದರೆ ಅಂಗಳ ಪೂರ್ತಿ ಹೋಯಿತು. ಗೋಡೆಗೂ ನಮ್ಮ ಜಗಲಿಗೂ ಉಳಿಯುವುದು ನಾಲ್ಕು ಅಡಿ. ಆ ನಾಲ್ಕು ಅಡಿಯ ನೆರಳಿನಲ್ಲಿ ತುಳಸಿಕಟ್ಟೆ. ಮರವನ್ನೂ ಕಡಿಯಬೇಕು. ಗುಲಾಬಿ ಎಲ್ಲಿ ಕೂರಬೇಕು ಎಂದು ನಕ್ಷೆಯಲ್ಲಿ ಯಾರೂ ಬರೆಯುವುದಿಲ್ಲವಲ್ಲ.

ಹೆಸರಿನ ವಿಷಯ. ಆ ಕಾಲದಲ್ಲಿ ನಮ್ಮ ಕಡೆ ಕಟ್ಟಡಗಳಿಗೆ ದೇವರ ಹೆಸರು, ಇಲ್ಲವೇ ಅಪ್ಪನ ಹೆಸರು ಇರುತ್ತಿತ್ತು. ಮುಂಬೈಯಿಂದ ಬಂದವರು ಒಂದೊಂದಾಗಿ ಟವರು, ಆರ್ಕೇಡು, ಪ್ಲಾಜಾ ಎಂದು ಬೋರ್ಡು ಹಾಕಿದರು. ಬ್ರಹ್ಮಾವರದ ನನ್ನ ತವರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಇವನ್ನೆಲ್ಲ ಓದುತ್ತಾ ಹೋಗುವುದು ನನಗೆ ಇಷ್ಟ. ಅರ್ಥ ತಿಳಿಯದಿದ್ದರೂ ಅಕ್ಷರ ಬಿಡುತ್ತಿರಲಿಲ್ಲ. ಈಗಂತೂ ಹೆದ್ದಾರಿ ಅಗಲವಾಗಿ ಸುಂಕದ ಕಟ್ಟೆ ಬಂದಿದೆ, ಅದಕ್ಕೂ ಪ್ಲಾಜಾ ಎಂದೇ ಹೆಸರು. ಮಗಳು ಕಾಲೇಜಿಗೆ ಹೋಗುವಾಗ ಒಂದು ದಿನ ನಿಘಂಟು ತೆರೆದು ಓದಿ ಹೇಳಿದ್ದಳು: ಪಿಯಾಝಾ ಎಂದರೆ ಇಟಲಿಯಲ್ಲಿ ಊರ ನಡುವಿನ ಬಯಲು, ಪ್ಲಾಜಾ ಸ್ಪೇನಿನ ಕಡೆಯದು, ಎರಡೂ ಒಂದೇ ಅಬ್ಬೆಯ ಮಕ್ಕಳು. ಹಿಂದೆ ಎಲ್ಲೋ 'ಅಗಲ ಬೀದಿ' ಎಂಬ ಅರ್ಥದ ಹಳೆಯ ಶಬ್ದವೊಂದಿತ್ತಂತೆ, ಅದರ ಹೊಟ್ಟೆಯಲ್ಲಿ ಹುಟ್ಟಿದವು. ಇಂಗ್ಲೆಂಡಿನವರು ಆ ಇಟಲಿ ಮಾತನ್ನು ಕಮಾನಿನ ಸಾಲಿನ ಕೆಳಗಿನ ನೆರಳುದಾರಿಗೆ ಹೇಳಿದರಂತೆ. ಅಮೆರಿಕದ ಕೆಲವು ಕಡೆ ಮನೆಯ ಜಗಲಿಗೇ ಹಾಗೆ ಹೇಳುತ್ತಾರಂತೆ. ನನಗೆ ತುಂಬ ಸಂತೋಷವಾಯಿತು. ಊರು ಸುತ್ತಿ ಸುತ್ತಿ ಆ ಮಾತು ಕೊನೆಗೆ ಅಂಗಳ ದಾಟಿ ಜಗಲಿಗೆ ಬಂದು ಕೂತಿದೆ. ನೆಂಟರು ಹಾಗೇ ಅಲ್ಲವೇ ಬರುವುದು?

ಆದರೆ ಇದೆಲ್ಲ ತಿಳಿದದ್ದು ಆಮೇಲೆ. ಆಗ ನನಗೆ ಆ ಮಾತಿನ ಅರ್ಥ ಹೇಳಿದವನು ರಾಘುವೇ. ನಕ್ಷೆ ಹಿಡಿದು ಬಂದವನು ಜಗಲಿಯಲ್ಲಿ ಕೂತು, ನಾನು ಕೊಟ್ಟ ಮಜ್ಜಿಗೆ ಕುಡಿದು, ತಾನಾಗಿಯೇ ಶುರು ಮಾಡಿದ.

"ಹಡಗ್ ಒಂದ್ ಬಂದರ್ದಗೆ ನಿಂತ್ರೆ ನಮ್ಗೆ ಅರ್ಧ ದಿನ ರಜೆ ಅತ್ತಿಗೆ. ಕೈಯಗೆ ಕಾಸಿಲ್ಲೆ, ಭಾಷಿ ಬತ್ತಿಲ್ಲೆ. ಎಲ್ಲಿಗ್ ಹೋಪುದ್? ಅಲ್ಲಿ ಊರ್ ನಡುಕೆ ದೊಡ್ಡ ಅಂಗ್ಳ. ಸುತ್ತ ಮನಿ, ಒಂದ್ ಬದಿ ಇಗರ್ಜಿ. ಮೆಟ್ಲ್ ಮೇಲ್ ಕೂಕಂಡ್ರೆ ಎಂತಕೆ ಕೂಕಂಡೆ ಅಂದ್ ಕೇಂಬರಿಲ್ಲೆ. ಒಬ್ಳ್ ಮುದ್ಕಿ ಕಿತ್ತಳೆ ಸುಲಿತಾ ಇದ್ದಳ್, ನನ್ ಮೋರೆ ಕಂಡ್ ಅರ್ಧ ಕೊಟ್ಳ್. ಅಷ್ಟೇ. ಮಾತಿಲ್ಲೆ, ಕತಿ ಇಲ್ಲೆ."

ಅವನು ಕಿತ್ತಳೆ ಅಂದಾಗ ಅವನ ಕೈ ಮಜ್ಜಿಗೆಯ ಲೋಟದ ಸುತ್ತ ಸುಲಿಯುವಂತೆ ಆಡಿತು. ಮೈದುನ ಮಾತು ಕಡಿಮೆಯವನು. ಅಷ್ಟು ಮಾತು ಅವನ ಬಾಯಿಂದ ಬಂದದ್ದು ನಾನು ಕೇಳಿದ್ದು ಅದೇ ಮೊದಲು. ಹೆಸರಿನ ಮೇಲೆ ಅವನಿಗೆ ಎಷ್ಟು ಪ್ರೀತಿ ಎಂದು ತಿಳಿಯಿತು. ಆದರೆ ಮಜ್ಜಿಗೆ ಮುಗಿದ ಕೂಡಲೇ ಅವನು ನಕ್ಷೆ ಬಿಡಿಸಿದ. ಅಲ್ಲಿ ಗೆರೆಗಳೇ ಗೆರೆಗಳು.

"ಈ ವರ್ಷ ಅಂಗ್ಳ ಬಡುದ್ ಬ್ಯಾಡ ಅತ್ತಿಗೆ. ಸುಮ್ನೆ ಕೈ ನೋವ್. ದೀಪಾವಳಿ ಕಳದ್ ಕೂಡ್ಲೆ ಕೆಲ್ಸ ಶುರು."

"ದೀಪಾವಳಿವರಿಗ್ ಬಿಸ್ಲ್ ಬತ್ತಿಲ್ಯಾ?" ಎಂದೆ.

ಅವನು ನಕ್ಕ. ನಾನು ನಗಲಿಲ್ಲ. ಇವರು ಹೊರಗೆ ನೋಡುತ್ತಾ, "ಅವ್ನ್ ಪಾಲ್, ಅವ್ನಿಷ್ಟ" ಎಂದರು. ಅದು ನ್ಯಾಯವೇ. ನ್ಯಾಯದ ಎದುರು ಎಂತ ಹೇಳುವುದು? ಆ ಸಂಜೆ ತುಳಸಿಯ ಹತ್ತಿರ, "ಅಮ್ಮಾ, ನಿನಗೇ ಬಿಸಿಲು ಬೇಕಾದರೆ ನೀನೇ ನೋಡಿಕೋ" ಎಂದು ಹೇಳಿ ಒಳಗೆ ಬಂದೆ. ದೇವರ ಹತ್ತಿರ ನಾನು ಸುತ್ತಿ ಬಳಸಿ ಮಾತಾಡುವವಳಲ್ಲ.

ಅಂಗಳ ಬಡಿಯುವುದು ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾದೀತು. ಮಳೆಗಾಲದಲ್ಲಿ ನಮ್ಮ ಅಂಗಳ ಅಂಗಳವಾಗಿರುವುದಿಲ್ಲ, ಹುಲ್ಲು, ಪಾಚಿ, ಎರೆಹುಳದ ಮನೆ. ಮಳೆ ಹಿಂದೆ ಸರಿದ ಮೇಲೆ ಹುಲ್ಲು ಕೆತ್ತಿ, ಮಣ್ಣು ಹಾಕಿ, ನೀರು ಚಿಮುಕಿಸಿ, ಹಿಡಿಯಿದ್ದ ಮರದ ಹಲಗೆಯಿಂದ ಬಡಿಯುತ್ತಾ ಹೋಗಬೇಕು. ನಾಲ್ಕು ಮನೆಯ ಹೆಂಗಸರು ಸಾಲಾಗಿ ಕೂತು ಬಡಿದರೆ ಎರಡು ದಿನ. ಮೂರನೆಯ ದಿನ ಸಗಣಿಗೆ ಗೆರಟೆ ಸುಟ್ಟ ಮಸಿ ಕಲಸಿ ಅಡಿಕೆ ಹಾಳೆಯಿಂದ ಸಾರಿಸಿದರೆ ನೆಲ ಕಪ್ಪಗೆ, ನುಣ್ಣಗೆ, ಅನ್ನ ಬಿದ್ದರೆ ಆರಿಸಿ ತಿನ್ನುವ ಹಾಗೆ. ತೀರಿಹೋದ ನನ್ನ ಅತ್ತೆ ಇದಕ್ಕೆ ಎರಡು ಕಟ್ಟಳೆ ಮಾಡಿದ್ದರು. ಒಂದು, ಅಂಗಳ ಬಡಿದ ಕೈಗೆ ಬಿಸಿಲು ಇಲ್ಲ ಎನ್ನಬಾರದು. ಯಾರು ಬಡಿದರೋ ಅವರು ಒಣಗಿಸಬಹುದು, ಕೇಳಬೇಕಾಗಿಲ್ಲ. ಇನ್ನೊಂದು, ಸಾರಿಸಿದ ಅಂಗಳ ಒಣಗಿ, ಅದರ ಯಜಮಾನ ಬರಿಗಾಲಲ್ಲಿ ನಡೆದು ಒಂದು ಹಿಡಿ ಭತ್ತ ನಡುವೆ ಇಡುವ ತನಕ ಯಾರೂ ಕಾಲಿಡಬಾರದು. ಹಸಿ ಅಂಗಳದಲ್ಲಿ ಕಾಲು ಊರಿದರೆ ಆ ಗುರುತು ಮುಂದಿನ ಮಳೆಯ ತನಕ ಹೋಗುವುದಿಲ್ಲ.

ನನಗಿದು ಚೆನ್ನಾಗಿ ಗೊತ್ತು. ಬ್ರಹ್ಮಾವರದಲ್ಲಿ ಏಳು ವರ್ಷದವಳಿದ್ದಾಗ ಒಂದು ಕೋಳಿಯ ಹಿಂದೆ ಓಡಿ ಇಡೀ ಅಂಗಳಕ್ಕೆ ಹೆಜ್ಜೆ ಹಾಕಿದ್ದೆ. ಅಪ್ಪ ಬಯ್ಯಲಿಲ್ಲ. ಅದಕ್ಕಿಂತ ಕಷ್ಟದ್ದು ಮಾಡಿದರು, ಬಂದ ನೆಂಟರಿಗೆಲ್ಲ ತೋರಿಸಿದರು. "ಇದ್ ನಮ್ಮ ಹುಡ್ಗಿದ್. ಕಾಲ್ ಕಂಡ್ರ್ಯಾ, ಕಾಡೆಮ್ಮೆದ್ ಇದ್ದಂಗೆ." ನನ್ನನ್ನು ನೋಡಲು ಬಂದ ಇವರ ಕಡೆಯವರಿಗೂ ಈ ಕಥೆ ಹೇಳಿದರು. ಆದರೂ ಮದುವೆಯಾಯಿತು, ಇದೂ ಒಂದು ಉಪಕಾರ.

ರಾಘುವಿನದು ಇನ್ನೂ ದೊಡ್ಡ ಕಥೆ. ಹತ್ತು ವರ್ಷದವನಿದ್ದಾಗ ಹಸಿ ಅಂಗಳದಲ್ಲಿ ಬುಗುರಿ ತರಲು ನಾಲ್ಕು ಹೆಜ್ಜೆ ಇಟ್ಟನಂತೆ. ಅತ್ತೆ ಅವನನ್ನು ಜಗಲಿಯ ಕಂಬದ ಹತ್ತಿರ ಕೂರಿಸಿ, ಅಂಗಳ ಒಣಗುವ ತನಕ ಏಳಲು ಬಿಡಲಿಲ್ಲ. ಊಟವೂ ಅಲ್ಲೇ. "ಅಬ್ಬೆ ಹೊಡ್ದಿದ್ರೆ ಮರ್ತ್ ಹೋತಿತ್ತ್" ಎಂದು ರಾಘು ಒಮ್ಮೆ ಹೇಳಿದ್ದ.

ನಾನು ಅಂಗಳ ಬಡಿಸಿದೆ. ರಾಘು ಬೇಡವೆಂದದ್ದು ನಿಜ. ಹೆಂಗಸರು ಎಂದಿನಂತೆ ಹಲಗೆ ಹಿಡಿದು ಬಂದರು, ನಾನು ಬೇಡ ಎನ್ನಲಿಲ್ಲ, ಅಷ್ಟೇ. ಗುಲಾಬಿಯೂ ಮೀನು ಮುಗಿಸಿ ಬಂದು ಒಂದು ಗಂಟೆ ಬಡಿದಳು. ಪ್ರತಿವರ್ಷ ಬಡಿಯುವವಳೇ. ಮೂರನೆಯ ದಿನ ಬೆಳಿಗ್ಗೆ ಸೀತಕ್ಕ ಎರಡು ಬುಟ್ಟಿ ಸಗಣಿ ತಂದಳು. ಸಗಣಿ ಕಾಯುವ ವಸ್ತುವಲ್ಲ. ಬಿಸಿಲೇರುವ ಮೊದಲೇ ಜಗಲಿಯ ಮೆಟ್ಟಿಲಿಂದ ಮರದ ಬುಡದ ತನಕ ಸಾರಿಸಿ ಮುಗಿಸಿದೆವು.

ಆಗ ಒಂದು ಕಾರು ಬಂದು ನಿಂತಿತು. ನಕ್ಷೆಯ ಕೆಲಸಕ್ಕೆಂದು ಉಡುಪಿಗೆ ಹೋಗಿದ್ದ ರಾಘು ಇಳಿದ, ಜೊತೆಗೆ ಅಲ್ಲಿಯ ಇಂಜಿನಿಯರು. ಚಿಕ್ಕ ಪ್ರಾಯದವರು, ಹೊಸ ಬೂಟು, ಕೈಯಲ್ಲಿ ಗೂಟ, ದಾರದ ಉಂಡೆ. ಗುರುತು ಹಾಕಲು ಬಂದವರು. ನಾನು ಬೇಕೆಂದೇ ಮಾಡಿದೆನೇ ಎಂದು ಇವತ್ತಿಗೂ ಇವರು ಕೇಳುತ್ತಾರೆ. ಇಂಜಿನಿಯರು ಬರುವುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಸಾರಿಸುತ್ತಿದ್ದೆ. ಎರಡೂ ನಿಜ.

ಇಂಜಿನಿಯರು ಒಂದು ಕಾಲು ಎತ್ತಿದರು. ರಾಘು ಅವರ ತೋಳು ಹಿಡಿದ.

"ಬ್ಯಾಡ, ಬ್ಯಾಡ. ಹಸಿ ಇತ್ತ್."

"ಸರ್, ನಿಮ್ಮದೇ ಜಾಗ ಅಲ್ವಾ?"

"ಹೌದ್. ಆದ್ರೂ ಹಸಿ."

ನಲವತ್ತು ದಾಟಿದವನು, ಏಳು ಸಮುದ್ರ ಕಂಡವನು, ತನ್ನದೇ ಅಂಗಳದ ಅಂಚಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತ. ಅಬ್ಬೆ ತೀರಿ ಆಗಲೇ ಎಷ್ಟೋ ವರ್ಷ, ಆದರೂ ಅವನ ಕಣ್ಣು ಒಮ್ಮೆ ಜಗಲಿಯ ಕಂಬದ ಕಡೆ ಹೋಯಿತು. ಕೊನೆಗೆ ಇಬ್ಬರೂ ಬೇಲಿಯ ಬದಿಯಿಂದ ಸುತ್ತಿ ಬಂದು ಜಗಲಿಯಲ್ಲಿ ಕೂತರು. ನಾನು ಕೈ ತೊಳೆದು ಕಾಫಿ, ಒಗ್ಗರಣೆ ಹಾಕಿದ ಅವಲಕ್ಕಿ ಕೊಟ್ಟೆ. ಬೇರೆ ಏನು ಮಾಡಲಿಕ್ಕಿದೆ? ಅಂಗಳ ಒಣಗಬೇಕು. ಮೂಡು ಬದಿಯಲ್ಲಿ ಒಂದು ಮೋಡ ಎದ್ದು, ನಮ್ಮನ್ನು ನೋಡಿ, ಬಡಗು ದಿಕ್ಕಿಗೆ ಹೋಯಿತು.

ಕೆಲಸ ಮುಗಿದ ಹೆಂಗಸರು ಮರದ ನೆರಳಿಗೆ ಸೇರಿ ಎಲೆಅಡಿಕೆ ಹಾಕಿದರು. ಗುಲಾಬಿ ಬುಟ್ಟಿ ಇಳಿಸಿ ಕೂತಳು. ಬಸ್ಸು ಕಾಯುವ ಇಬ್ಬರು ಶಾಲೆಯ ಟೀಚರುಗಳು ಅವಳ ಹತ್ತಿರ ಬಂಗುಡೆಯ ಬೆಲೆ ಕೇಳಿ, ತೆಗೆದುಕೊಳ್ಳದೆ, ಅಲ್ಲೇ ನಿಂತು ಮಾತಾಡಿದರು. ಒಬ್ಬ ಅಜ್ಜ ಮರದ ಬೇರಿನ ಮೇಲೆ ಕೂತು ತೂಕಡಿಸುತ್ತಿದ್ದ. ಅವನು ಯಾರ ಮನೆಯವನು, ಎಲ್ಲಿಗೆ ಹೊರಟವನು, ನನಗೆ ಇವತ್ತಿಗೂ ಗೊತ್ತಿಲ್ಲ.

ಸುಮ್ಮನೆ ಕೂರಲಾರದೆ ಇಂಜಿನಿಯರು ಕಾಗದ ಬಿಡಿಸಿದರು. "ಸರ್, ಬೋರ್ಡಿಗೆ ಹೆಸರು ಬರೀಬೇಕಲ್ಲ. ಪಿಯಾಝಾ ಅಂದ್ರೆ ಏನು?"

ರಾಘು ಹೇಳತೊಡಗಿದ. ನನಗೆ ಹೇಳಿದ್ದನ್ನೇ, ಸ್ವಲ್ಪ ಪೇಟೆಯ ಭಾಷೆಯಲ್ಲಿ. ಊರಿನ ನಡುವಿನ ಬಯಲು, ಬಾಗಿಲಿಲ್ಲ, ಯಾರು ಬೇಕಾದರೂ ಬಂದು ಕೂರಬಹುದು, ಏನೂ ಕೊಳ್ಳಬೇಕಾಗಿಲ್ಲ, ಮುದುಕಿಯರು ಹಣ್ಣು ಸುಲಿಯುತ್ತಾ ಕೂತಿರುತ್ತಾರೆ. ಹೇಳುತ್ತಾ ಅವನು ಎದುರಿಗೆ ನೋಡುತ್ತಿದ್ದ. ಎದುರಿಗೆ ಇದ್ದದ್ದು ನಾನು ಹೇಳಿದೆನಲ್ಲ, ಅಷ್ಟೇ.

ಇಂಜಿನಿಯರು ಕಾಗದವನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಅವರ ಮುಖ ಬಾಡಿತು. ಪಾಪ, ತಮ್ಮದೇ ತಪ್ಪು ಎಂದು ತಿಳಿದರು.

"ಹಾಗಾದ್ರೆ ಅದು ಇದ್ರಲ್ಲಿ ಎಲ್ಲಿ ಬರ್ತದೆ ಸರ್? ನಾನು ಹಾಕ್ಲಿಕ್ಕೆ ಮರ್ತುಬಿಟ್ಟೆನಾ?"

ಸಾರಿಸಿದ ಅಂಗಳದಲ್ಲಿ ಮಾತು ಚೆನ್ನಾಗಿ ಕೇಳುತ್ತದೆ. ಮರದ ಕೆಳಗಿನಿಂದ ಗುಲಾಬಿ ಕೂಗಿದಳು.

"ಹ್ವಾಯ್ ರಾಘಣ್ಣ, ಎಂತ ಕಳ್ದ್ ಹೋಯ್ತ್ ಮಾರಾಯ್ರೆ? ಕಾಗ್ದದಗೆ ಹುಡುಕುದ್ ಎಂತಕೆ, ಕೆಳಗ್ ಕಾಣಿ. ಬೆಳಗಾತ ನಾವೇ ಸಾರ್ಸಿಟ್ದ್."

ಸೀತಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಇವರು ಕೆಮ್ಮಿದರು. ನಾನು ಅವಲಕ್ಕಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಗೆಲ್ಲುವ ಹೊತ್ತಿನಲ್ಲಿ ಹೆಂಗಸು ಎದುರಿಗೆ ನಿಲ್ಲಬಾರದು ಎಂದು ಅತ್ತೆ ಹೇಳುತ್ತಿದ್ದರು. ಬಾಗಿಲ ಹಿಂದೆ ನಿಲ್ಲಬಾರದು ಎಂದು ಮಾತ್ರ ಹೇಳಿರಲಿಲ್ಲ, ಅಲ್ಲೇ ನಿಂತೆ.

"ಇವತ್ತ್ ಗೂಟ ಬ್ಯಾಡ" ಎಂದ ರಾಘು. "ನಾಳೆ ಬೆಳಿಗ್ಗೆ ಬನ್ನಿ."

ರಾತ್ರಿ ಅವನು ಊಟಕ್ಕೆ ಕೂತು ಒಂದೇ ಪ್ರಶ್ನೆ ಕೇಳಿದ. "ಆರ್ ಅಂಗಡಿ ಅಂದ್ ಮೂರ್ ಜನಕ್ಕೆ ಮಾತ್ ಕೊಟ್ಟಾಯ್ತ್ ಅತ್ತಿಗೆ. ಹ್ಯಾಂಗ್ ಮಾಡುದ್?" ನಾನು ಹೇಳಿದೆ, "ಮೂರ್ ಜನಕ್ಕೆ ಮೂರ್ ಕಟ್ಟ್." ಇವರು, "ಅವ್ಳಿಗೆ ಎಂತ ಗೊತ್ತಿತ್ತ್" ಎಂದರು. ನನಗೆ ಕಟ್ಟಡ ಗೊತ್ತಿಲ್ಲ, ಮೂರು ಗೊತ್ತಿದೆ.

ಎಲ್ಲ ನಾನು ಬಯಸಿದಂತೆ ಆಯಿತೆಂದು ತಿಳಿಯಬೇಡಿ. ಅಂಗಡಿ ನಾಲ್ಕು ಬಂದವು, ಬಡಗು ಬದಿಗೆ ಒತ್ತಿಕೊಂಡು. ಅಂಗಳದ ಮೂರನೆಯ ಒಂದು ಪಾಲು ಅದಕ್ಕೆ ಹೋಯಿತು. ಹೆದ್ದಾರಿ ಅಗಲವಾದಾಗ ಎದುರಿನ ಒಂದು ಪಟ್ಟಿಯೂ ಹೋಯಿತು, ಜೊತೆಗೆ ಮರದ ಒಂದು ದೊಡ್ಡ ಕೊಂಬೆ. ಬುಡ ಉಳಿಯಿತು. ಗುಲಾಬಿಗೆ ಈಗ ಮೊಣಕಾಲು ನೋವು. ಅವಳ ಸೊಸೆ ಸ್ಕೂಟರಿನಲ್ಲಿ ಬುಟ್ಟಿ ತರುತ್ತಾಳೆ, ಅದೇ ಬುಡದಲ್ಲಿ ಇಳಿಸುತ್ತಾಳೆ. ಕಟ್ಟಡದ ನೆತ್ತಿಯ ಮೇಲೆ ಬೋರ್ಡು ಇಲ್ಲ. ರಾಘು ಅದನ್ನು ಹೊನ್ನೆ ಮರಕ್ಕೆ ಕಟ್ಟಿಸಿದ, ಅಂಗಳದ ಕಡೆ ಮುಖ ಮಾಡಿ. ಬಸ್ಸಿನ ಕಂಡಕ್ಟರು "ಪಿಯಾಝಾ ಇಳೀರಿ" ಎಂದು ಕೂಗುತ್ತಾನೆ. ಇಳಿದವರು ಅಂಗಡಿಗೇ ಹೋಗಬೇಕೆಂದಿಲ್ಲ. ನಮ್ಮ ಸೀತಕ್ಕ, ಶಾಲೆಯಲ್ಲಿ ಮೂರನೆಯ ಕ್ಲಾಸಿಗಿಂತ ಮುಂದೆ ಹೋಗದವಳು, "ಕೊಬ್ರಿ ಪಿಯಾಝಾಕ್ ಹಾಕಿದೆ, ಕಾಕಿ ಕಚ್ಕಂಡ್ ಹೋತ್, ಕಂಡ್ಕಣಿ" ಎಂದು ಸಲೀಸಾಗಿ ಹೇಳುತ್ತಾಳೆ. ಮಗಳ ನಿಘಂಟಿನಲ್ಲಿ ಆ ಮಾತಿನ ಬಳಕೆಗಳಲ್ಲಿ ಇದೊಂದು ಇಲ್ಲ. ಮುಂದಿನ ಸಲ ಅಚ್ಚು ಹಾಕುವವರು ಸೇರಿಸಿಕೊಳ್ಳಬಹುದು.

ನಾನು ಹೇಳಬೇಕಾಗಿದ್ದು ಅಂಗಳ ಸಾರಿಸಿದ ಮರುದಿನ ಬೆಳಗಿನ ಮಾತು. ಇಂಜಿನಿಯರು ಈ ಸಲ ಬೂಟು ಕಾರಿನಲ್ಲೇ ಬಿಟ್ಟು ಬಂದಿದ್ದರು. ಅಂಗಳ ಒಣಗಿ ಹೊಳೆಯುತ್ತಿತ್ತು. ನಾನು ಜಗಲಿಯಲ್ಲಿ ಒಂದು ಬಟ್ಟಲು ಭತ್ತ ಇಟ್ಟೆ. ಅಷ್ಟು ವರ್ಷ ಆ ಕೆಲಸ ಇವರು ಮಾಡುತ್ತಿದ್ದರು, ಅಂಗಳದ ಯಜಮಾನ ರಾಘು ಊರಲ್ಲಿರಲಿಲ್ಲವಲ್ಲ. ಇವರು ಬಟ್ಟಲನ್ನು ತಮ್ಮನ ಕಡೆ ಸರಿಸಿದರು.

ರಾಘು ಪಂಚೆ ಎತ್ತಿ ಕಟ್ಟಿ, ಒಂದು ಹಿಡಿ ಭತ್ತ ತೆಗೆದು, ಮೆಟ್ಟಿಲಿಳಿದ. ಮೊದಲ ಹೆಜ್ಜೆ ಇಟ್ಟು ನಿಂತು ಕಾಲ ಕೆಳಗೆ ನೋಡಿದ. ಗುರುತು ಬೀಳಲಿಲ್ಲ. ನಡುವಿನ ತನಕ ನಡೆದು ಭತ್ತ ಇಟ್ಟು ಕೈ ಮುಗಿದ. ಆಮೇಲೆ ಇಂಜಿನಿಯರ ಕೈಯಿಂದ ಗೂಟ ಇಸಿದುಕೊಂಡು ಬಡಗಿನ ಬೇಲಿಯ ಕಡೆ ಹೆಜ್ಜೆ ಎಣಿಸುತ್ತಾ ಹೋಗಿ, ಬೇಲಿಗೆ ಅಂಗಡಿಯಷ್ಟು ಜಾಗ ಬಿಟ್ಟು ಊರಿದ.

"ಇಲ್ಲಿಂದ ಆಚಿಗ್ ಕಟ್ಟಡ. ಈಚಿಗ್ ಬ್ಯಾಡ" ಎಂದ. "ಈಚಿಗ್ ಈ ಹೆಂಗ್ಸ್ರ್ ಬಡ್ದದ್."

ಬಟ್ಟಲಲ್ಲಿ ಇನ್ನೂ ನಾಲ್ಕು ಕಾಳು ಭತ್ತ ಉಳಿದಿತ್ತು, ಅದನ್ನು ತುಳಸಿಯ ಬುಡಕ್ಕೆ ಹಾಕಿದೆ. ಬಿಸಿಲು ಆಗಲೇ ಕಟ್ಟೆಯ ಮೇಲಿತ್ತು. ಸಂಜೆಯ ಎಣಿಕೆಯನ್ನು ಬೆಳಿಗ್ಗೆಯೇ ಮುಗಿಸಿದ ದಿನ ನನ್ನ ಆಯುಷ್ಯದಲ್ಲಿ ಅದೊಂದೇ. ಆಮೇಲೆ ನೆನಪಾಯಿತು, ದೋಸೆಗೆ ನೆನೆಹಾಕಿದ ಅಕ್ಕಿ ಹಿಂದಿನ ದಿನದ್ದು, ಹುಳಿ ವಾಸನೆ ಹತ್ತಿರಬೇಕು. ಎರಡು ನೀರಲ್ಲಿ ತೊಳೆದು, ಅರೆಯುವ ಕಲ್ಲಿನ ಮುಂದೆ ಕೂತೆ.